ಇಪ್ಪತ್ತೇಳನೆಯ ಪ್ರಶ್ನೆ

ಹತ್ತನೆಯ ತರಗತಿಯ ಸಮಾಜ ವಿಜ್ಞಾನದ ಪರೀಕ್ಷೆಯಲ್ಲಿ ಇಪ್ಪತ್ತೇಳನೆಯ ಪ್ರಶ್ನೆಗೆ ಒಂದು ಮಗು ಬರೆದ ಉತ್ತರಕ್ಕೆ ನಾನು ನಾಲ್ಕಕ್ಕೆ ನಾಲ್ಕು ಅಂಕ ಕೊಟ್ಟೆ. ನಮ್ಮ ಕೋಣೆಯ ಡೆಪ್ಯುಟಿ ಚೀಫ್ ಯೋಗಾನರಸಿಂಹ ಅವರು ಹಸಿರು ಪೆನ್ನಿನಿಂದ ಆ ನಾಲ್ಕನ್ನು ಹೊಡೆದು ಪಕ್ಕದಲ್ಲಿ ಸೊನ್ನೆ ಹಾಕಿದರು. ಮೂವತ್ತಾರು ಇದ್ದ ಒಟ್ಟು ಅಂಕ ಮೂವತ್ತೆರಡಾಯಿತು. ಪಾಸಾಗಲು ಮೂವತ್ತೈದು ಬೇಕು.

೧೯೯೫ರ ಏಪ್ರಿಲ್. ಹಾಸನ. ಮೌಲ್ಯಮಾಪನ ಶುರುವಾಗಿ ಅಂದಿಗೆ ಎಂಟು ದಿನ.

ಮೌಲ್ಯಮಾಪನ ಅಂದರೆ ನೆರಳಲ್ಲಿ ಕೂತು ಮಾಡುವ ಕೆಲಸ ಅಂತ ನಮ್ಮವ್ವ ಕಲ್ಲಮ್ಮ ತಿಳಿದಿದ್ದಳು. ‘ನನ್ ಮಗ ಕುಂತ್ಕಂಡೇ ದುಡೀತಾನೆ ಕಣವ್ವ’ ಅಂತ ಕೇರಿಯ ತುಂಬ ಹೇಳಿಕೊಂಡು ಬಂದಿದ್ದಳು. ಕೂತೇ ದುಡಿಯುತ್ತಿದ್ದೆ, ನಿಜ. ಮಕ್ಕಳ ಡೆಸ್ಕು. ದೊಡ್ಡವರ ಮೊಣಕಾಲು ಅದರೊಳಗೆ ಹಿಡಿಸುವುದಿಲ್ಲ. ಪಕ್ಕಕ್ಕೆ ತಿರುಗಿ ಕೂತರೆ ಸೊಂಟ ಹಿಡಿಯುತ್ತದೆ. ಮೇಲೆ ಶೀಟಿನ ಮಾಡು. ಹನ್ನೊಂದು ಗಂಟೆಗೆಲ್ಲ ಅದು ಕಾದ ಹೆಂಚಾಗುತ್ತಿತ್ತು. ಫ್ಯಾನು ಒಂದೇ. ಅದು ಡೆಪ್ಯುಟಿ ಚೀಫ್ ಮೇಜಿನ ಮೇಲೆ. ಬೆಳಿಗ್ಗೆ ಆರೂವರೆಯ ಬಸ್ಸಿಗೆ ಅರಕಲಗೂಡು ಬಿಟ್ಟರೆ ಮತ್ತೆ ಮನೆ ಸೇರುವಾಗ ಕಣ್ಣೊಳಗೆ ಮರಳು ಹಾಕಿದ ಹಾಗೆ. ಬಲಗೈಯ ನಡುಬೆರಳಿನ ಮೇಲೆ ಕೆಂಪು ಶಾಯಿಯ ಗಂಟು. ಅದನ್ನು ನೋಡಿ ಅವ್ವ ಮೊದಲ ದಿನ, ‘ಇದೇನ್ಲಾ ರಕ್ತ?’ ಅಂದಿದ್ದಳು.

ದಿನಕ್ಕೆ ನಲವತ್ತು ಪತ್ರಿಕೆ. ನಲವತ್ತರಲ್ಲೂ ಒಂದೇ ಶತಮಾನ. ದಿನಕ್ಕೆ ನಲವತ್ತು ಸಲ ಆಸ್ಟ್ರಿಯಾದ ಯುವರಾಜ ಗುಂಡೇಟಿಗೆ ಸಾಯುತ್ತಿದ್ದ. ನಲವತ್ತು ಸಲ ಮಹಾಯುದ್ಧ ಹತ್ತಿಕೊಳ್ಳುತ್ತಿತ್ತು. ಜರ್ಮನಿ ಸೋಲುತ್ತಿತ್ತು, ಏಳುತ್ತಿತ್ತು, ಮತ್ತೆ ಸೋಲುತ್ತಿತ್ತು. ‘ರಷ್ಯಾದ ಜಾರ್ ದೊರೆಯು ಸಿಂಹಾಸನದಿಂದ ಜಾರಿದನು’ ಎಂದು ಒಂದು ಮಗು ಬರೆದಿತ್ತು. ಅರ್ಧ ಅಂಕ ಕೊಟ್ಟೆ. ‘ಯುವರಾಜನನ್ನು ಕೊಂದ ಮೇಲೆ ಎರಡು ಕಡೆಯ ಹಿರಿಯರೂ ಸೇರಿ ನ್ಯಾಯ ಮಾಡಲಿಲ್ಲ, ಆದ್ದರಿಂದ ಯುದ್ಧವಾಯಿತು’ ಎಂದು ಇನ್ನೊಂದು. ಅದಕ್ಕೆ ಪೂರ್ತಿ ಕೊಟ್ಟೆ. ಜಪಾನಿನ ಎರಡು ಊರು ಸುಟ್ಟು ಹೋಗುತ್ತಿದ್ದವು, ಒಂದು ಅಂಕಕ್ಕೆ. ವಿಶ್ವಸಂಸ್ಥೆ ಹುಟ್ಟುತ್ತಿತ್ತು, ಎರಡು ಅಂಕಕ್ಕೆ. ಮಧ್ಯಾಹ್ನದ ಹೊತ್ತಿಗೆ ಸತ್ತವರ ಸಂಖ್ಯೆ ಕೋಟಿ ದಾಟಿದ್ದರೂ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಕುತ್ತಿಗೆ ನೋಯುತ್ತಿತ್ತು, ಅಷ್ಟೆ.

ನನ್ನ ಪಕ್ಕದ ಡೆಸ್ಕು ನಂಜುಂಡೇಶ್ ಅವರದು. ಚನ್ನರಾಯಪಟ್ಟಣದ ಕಡೆಯವರು, ಗೌಡರು, ಇಪ್ಪತ್ತು ವರ್ಷದ ಸರ್ವೀಸು. ಮಾತಿಗೆ ಮುಂಚೆ ನಗುವವರು. ನನ್ನ ಹೆಸರು ಸಣ್ಣಯ್ಯ ಅಂತ ಗೊತ್ತಿದ್ದರೂ ಅವರು ಕರೆಯುತ್ತಿದ್ದದ್ದು ಬೇರೆ.

‘ಏನ್ರೀ ಬ್ಯಾಕ್‌ಲಾಗೂ, ಇವತ್ತು ಎಷ್ಟು ಜಾರ್ ಕೆಡವಿದ್ರಿ?’

ನಮ್ಮವರಿಗೆ ಮೀಸಲಿದ್ದು ವರ್ಷಗಟ್ಟಲೆ ತುಂಬದೆ ಬಿಟ್ಟಿದ್ದ ಹುದ್ದೆಗಳಿಗೆ ಎರಡು ವರ್ಷದ ಹಿಂದೆ ನಡೆದ ಬ್ಯಾಕ್‌ಲಾಗ್ ನೇಮಕದಲ್ಲಿ ನನಗೆ ಮೇಷ್ಟ್ರ ಕೆಲಸ ಸಿಕ್ಕಿತ್ತು. ಮೊದಲ ಸಲ ಹಾಗೆ ಕರೆದಾಗ ಮೈ ಉರಿದಿತ್ತು. ಎಂಟನೆಯ ದಿನಕ್ಕೆ ಉರಿಯುವ ಶಕ್ತಿಯೂ ಇರಲಿಲ್ಲ. ‘ಹದಿನೇಳು ಸಾರ್’ ಅಂದೆ.

‘ನಂದು ಇಪ್ಪತ್ತು. ರಾಜರನ್ನ ಕೆಡವೋದ್ರಲ್ಲೂ ನಾವೇ ಮುಂದೆ ನೋಡಿ.’

ಎದುರು ಸಾಲಿನಲ್ಲಿ ನೀಲಾಂಬಿಕೆ ಮೇಡಂ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ ನಕ್ಕರು. ಅಟೆಂಡರ್ ಹುಚ್ಚಯ್ಯ ಟೀ ಕ್ಯಾನು ಹಿಡಿದು ಬಂದ. ಎಲ್ಲರಿಗೂ ಒಂದೇ ಥರದ ಗ್ಲಾಸು. ಸರ್ಕಾರದ ಕೆಲಸದಲ್ಲಿ ಅದೊಂದು ಸುಖ ಇದೆ.

ಆ ಪತ್ರಿಕೆ ಸಿಕ್ಕಿದ್ದು ಟೀ ಆದ ಮೇಲೆ.

ರಿಜಿಸ್ಟರ್ ನಂಬರ್ ಬಿಟ್ಟರೆ ಏನೂ ಇಲ್ಲ. ಗಂಡೋ ಹೆಣ್ಣೋ ಗೊತ್ತಿಲ್ಲ. ಯಾವ ಜಿಲ್ಲೆಯ ಕಟ್ಟು ಅಂತ ನಮಗೆ ಹೇಳುವುದಿಲ್ಲ. ಅರ್ಧದವರೆಗೆ ನೀಲಿ ಶಾಯಿ, ಆಮೇಲೆ ಕಪ್ಪು. ರೀಫಿಲ್ ಮುಗಿದು ಯಾರನ್ನೋ ಬೇಡಿ ಪೆನ್ನು ಪಡೆದಿರಬೇಕು. ಉತ್ತರಗಳು ಸುಮಾರು. ಭೂಗೋಳ ಪೂರ್ತಿ ಕೆಟ್ಟಿತ್ತು. ಅರ್ಥಶಾಸ್ತ್ರ ಖಾಲಿ. ಅಲ್ಲಿ ಒಂದು, ಇಲ್ಲಿ ಅರ್ಧ ಕೂಡಿಸುತ್ತ ಬಂದೆ. ಇಪ್ಪತ್ತೇಳನೆಯ ಪ್ರಶ್ನೆಗೆ ಬಂದೆ.

‘ವರ್ಣಭೇದ ನೀತಿ ಎಂದರೇನು? ಅದರ ಮುಖ್ಯ ಲಕ್ಷಣಗಳನ್ನು ಬರೆಯಿರಿ.’ ನಾಲ್ಕು ಅಂಕ. ಮಾದರಿ ಉತ್ತರ ನಮ್ಮೆಲ್ಲರ ಡೆಸ್ಕಿನ ಮೇಲೂ ಇತ್ತು. ದಕ್ಷಿಣ ಆಫ್ರಿಕದಲ್ಲಿ ಬಿಳಿಯರು ಕರಿಯರನ್ನು ಬೇರೆ ವಾಸಕ್ಕೆ ದೂಡಿದ್ದು, ಒಂದು. ಬೇರೆ ಶಾಲೆ, ಬಸ್ಸು, ಆಸ್ಪತ್ರೆ, ಎರಡು. ರಹದಾರಿ ಚೀಟಿ ಇಲ್ಲದೆ ಓಡಾಡುವಂತಿಲ್ಲ ಎಂಬುದು, ಮೂರು. ಹೋರಾಟ ನಡೆದು ನೀತಿ ಕೊನೆಗೊಂಡದ್ದು, ನಾಲ್ಕು. ಹಿಂದಿನ ವರ್ಷವಷ್ಟೇ ಅಲ್ಲಿ ಎಲ್ಲ ಬಣ್ಣದವರೂ ಒಂದೇ ಸಾಲಿನಲ್ಲಿ ನಿಂತು ಓಟು ಹಾಕಿದ್ದರು. ಪೇಪರಿನಲ್ಲಿ ಫೋಟೋ ನೋಡಿದ್ದೆ. ಮೈಲುದ್ದ ಸಾಲು.

ಮಗು ಹೀಗೆ ಬರೆದಿತ್ತು:

‘ವರ್ಣಭೇದ ನೀತಿ ಎಂದರೆ ವರ್ಣದಲ್ಲಿ ಬೇದ ಮಾಡುವ ನೀತಿ. ಮೇಲಿನ ವರ್ಣದವರು ಒಂದು ಕಡೆ, ಯಾವ ವರ್ಣವೂ ಇಲ್ಲದವರು ಇನ್ನೊಂದು ಕಡೆ ಇರಬೇಕು.

೧. ಬೇರೆ ವಾಸ. ನಮ್ಮ ಕೇರಿ ಊರಿನ ಮೂಡಲಿಗೆ ಇದೆ. ನಮ್ಮ ಮೇಲಿನ ಗಾಳಿ ಊರಿಗೆ ಬೀಸಬಾರದು ಎಂದು ಹಾಗೆ ಮಾಡಿದ್ದಾರೆ ಎಂದು ಅಜ್ಜಿ ಹೇಳುತ್ತಾರೆ.

೨. ಬೇರೆ ಪಾತ್ರೆ. ಬಸ್‌ಸ್ಟಾಪಿನ ಓಟ್ಲಿನಲ್ಲಿ ನಮ್ಮ ಗ್ಲಾಸುಗಳು ಸೂರಿನ ಸಂದಿಯಲ್ಲಿ ಇರುತ್ತವೆ. ಕುಡಿದು ನಾವೇ ತೊಳೆದು ಅಲ್ಲಿಗೇ ಸಿಕ್ಕಿಸಬೇಕು.

೩. ಓಡಾಡಲು ಅಡ್ಡಿ. ಗುಡಿಯ ಮುಂದೆ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಬೇಕು. ಮಳೆ ಬಂದರೂ ಇಳಿಯಬೇಕು.

೪. ಹೋರಾಟ. ನಮ್ಮ ಚಿಕ್ಕಪ್ಪ ಇಳಿಯಲಿಲ್ಲ. ಸೈಕಲ್ಲನ್ನು ಬಾವಿಗೆ ಹಾಕಿದರು. ಎರಡು ತಿಂಗಳು ನಮ್ಮ ಕೇರಿಗೆ ಕೂಲಿ ಕೊಡಲಿಲ್ಲ. ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ. ಆಮೇಲೆ ಚಿಕ್ಕಪ್ಪ ತಪ್ಪಾಯಿತು ಎಂದರು. ಕೂಲಿ ಕೊಟ್ಟರು.

ಈ ನೀತಿ ದಕ್ಷಿಣ ಆಫ್ರಿಕದಲ್ಲಿಯೂ ಇತ್ತು ಎಂದು ಪುಸ್ತಕದಲ್ಲಿದೆ.’

ಒಂದು ಸಲ ಓದಿದೆ. ಇನ್ನೊಂದು ಸಲ ಓದಿದೆ. ಎಂಟು ದಿನದಿಂದ ನಿದ್ದೆ ಮಾಡುತ್ತಿದ್ದವನನ್ನು ಯಾರೋ ಜುಟ್ಟು ಹಿಡಿದು ಎಬ್ಬಿಸಿದ ಹಾಗಾಯಿತು.

ನನ್ನ ಪರೀಕ್ಷೆಯಲ್ಲೂ ಇದೇ ಪ್ರಶ್ನೆ ಬಂದಿತ್ತು. ೧೯೭೭. ನಮ್ಮಪ್ಪ ಹುಲಿಯಪ್ಪ ದುದ್ದದ ಕಡೆಯ ತೋಟಗಳಲ್ಲಿ ಕಾಯಿ ಸುಲಿಯುತ್ತಿದ್ದ. ನೆಲಕ್ಕೆ ನೆಟ್ಟ ಚೂಪು ಕಬ್ಬಿಣಕ್ಕೆ ಕಾಯಿ ಕುಟ್ಟಿ, ತಿರುವಿ, ಮಟ್ಟೆ ಕೀಳುವ ಕೆಲಸ. ಬೆಳಗಿನಿಂದ ಬೈಗಿನವರೆಗೆ ಬಗ್ಗಿಯೇ ಇರಬೇಕು. ನಲವತ್ತು ತುಂಬುವ ಮೊದಲೇ ಅವನ ಬೆನ್ನು ನೆಟ್ಟಗಾಗುವುದನ್ನು ಮರೆತಿತ್ತು. ಅಂದು ಕೆಲಸ ಬಿಟ್ಟು ನನ್ನನ್ನು ಪರೀಕ್ಷೆಗೆ ಕರೆದುಕೊಂಡು ಬಂದ. ದಾರಿಯ ಹೋಟೆಲಿನಲ್ಲಿ ಟೀ ಕೊಡಿಸಿದ. ಸೂರಿನಿಂದ ಗ್ಲಾಸು ತೆಗೆದೆ. ಕುಡಿದೆ. ತೊಳೆದೆ. ಸಿಕ್ಕಿಸಿದೆ. ಪರೀಕ್ಷೆಗೆ ಹೋಗಿ ಕೂತು, ‘ದಕ್ಷಿಣ ಆಫ್ರಿಕದಲ್ಲಿ ಬಿಳಿಯರು ಕರಿಯರಿಗೆ ಬೇರೆ ಪಾತ್ರೆ, ಬೇರೆ ಬೆಂಚು, ಬೇರೆ ನಲ್ಲಿ ಇಟ್ಟಿದ್ದಾರೆ’ ಎಂದು ಬರೆದೆ. ಪೂರ್ತಿ ಅಂಕ ಬಂತು. ಬರೆಯುವಾಗ ಕೈಯಿನ್ನೂ ಒದ್ದೆಯಿತ್ತು. ಆದರೂ ನನಗೆ ಹೊಳೆಯಲೇ ಇಲ್ಲ.

ಈ ಮಗುವಿಗೆ ಹೊಳೆದಿತ್ತು. ಅಥವಾ ತಪ್ಪಾಗಿ ಅರ್ಥವಾಗಿತ್ತು. ವರ್ಣ ಅಂದರೆ ಅದಕ್ಕೆ ಗೊತ್ತಿದ್ದ ಅರ್ಥ ಒಂದೇ.

ಮಾದರಿ ಉತ್ತರವನ್ನು ಪಕ್ಕದಲ್ಲಿಟ್ಟುಕೊಂಡೆ. ಬೇರೆ ವಾಸ, ಇದೆ. ಬೇರೆ ಸೌಲಭ್ಯ, ಇದೆ. ಓಡಾಟಕ್ಕೆ ನಿರ್ಬಂಧ, ಇದೆ. ಹೋರಾಟ, ಇದೆ. ಕೆಂಪು ಶಾಯಿಯಲ್ಲಿ ನಾಲ್ಕು ಬರೆದೆ. ಒಟ್ಟು ಕೂಡಿಸಿದೆ. ಮೂವತ್ತಾರು. ಮತ್ತೊಮ್ಮೆ ಕೂಡಿಸಿದೆ. ಮೂವತ್ತಾರೇ.

ನಾವು ತಿದ್ದಿದ ಪತ್ರಿಕೆಗಳಲ್ಲಿ ಕೆಲವನ್ನು ಎಳೆದು ನೋಡುವುದು ಡೆಪ್ಯುಟಿ ಚೀಫ್ ಕೆಲಸ. ಪಾಸಿನ ಅಂಚಿನಲ್ಲಿರುವುದನ್ನು ಮೊದಲು ಎಳೆಯುತ್ತಾರೆ. ನಾಲ್ಕು ಗಂಟೆಗೆ ಯೋಗಾನರಸಿಂಹ ಅವರು ಅದನ್ನು ಎಳೆದರು.

ಅವರ ಬಗ್ಗೆ ಹೇಳಬೇಕು. ಕೆಟ್ಟವರು ಅಂತ ಹೇಳಿ ಮುಗಿಸಬಹುದಾಗಿದ್ದರೆ ನನಗೆ ಸುಲಭವಿತ್ತು. ಹೊಳೆನರಸೀಪುರದ ಅಗ್ರಹಾರದ ಕಡೆಯವರು. ಮನೆತನ ಪೂಜೆಯದು, ಅವರು ಮೇಷ್ಟ್ರಾದವರು. ಎಂಬತ್ತರ ದಶಕದಲ್ಲಿ ಅವರ ಮನೆಯ ಜಗಲಿಯ ಮೇಲೆ ಪ್ರತಿ ಭಾನುವಾರ ನಾವು ಹತ್ತು ಹನ್ನೆರಡು ಜನ ಸೇರುತ್ತಿದ್ದೆವು. ಒಬ್ಬರು ಓದುವುದು, ಉಳಿದವರು ಕೇಳುವುದು, ಆಮೇಲೆ ಜಗಳ. ರಷ್ಯಾ, ಚೀನಾ, ವಿಯೆಟ್ನಾಂ, ಕ್ಯೂಬಾ. ಕಾಯಿ ಸುಲಿದ ಕೈಯಲ್ಲೇ ನಾನು ಅಲ್ಲಿ ಪುಸ್ತಕ ಹಿಡಿದೆ. ಯಾವ ಪುಸ್ತಕ ಕೇಳಿದರೂ ಇಲ್ಲ ಅಂದವರಲ್ಲ. ನಾನು ಬಿ.ಎಡ್. ಮಾಡಿದ್ದೇ ಅವರ ಒತ್ತಾಯಕ್ಕೆ.

ಕಾಫಿ ಅವರ ತಾಯಿ ಶ್ರೀರಂಗಮ್ಮನವರು ಕಳಿಸುತ್ತಿದ್ದರು. ಎಲ್ಲರಿಗೂ ಸ್ಟೀಲ್ ಲೋಟ. ನನ್ನದು ಗಾಜಿನದು. ಅದು ಜಗಲಿಯ ಕೆಳಗಿನ ಗೂಡಿನಲ್ಲಿರುತ್ತಿತ್ತು. ‘ಅಮ್ಮ ಹಳೇ ಕಾಲದವರು ಸಣ್ಣಯ್ಯ, ಬೇಜಾರು ಮಾಡ್ಕೋಬೇಡಿ’ ಅಂತ ಅವರು ಮೊದಲ ವಾರವೇ ಹೇಳಿದ್ದರು. ‘ಪರವಾಗಿಲ್ಲ ಸಾರ್’ ಅಂದಿದ್ದೆ. ಒಂದು ಭಾನುವಾರ ದಕ್ಷಿಣ ಆಫ್ರಿಕದ ಶಾಲೆ ಮಕ್ಕಳ ಮೇಲೆ ಪೊಲೀಸರು ಗುಂಡು ಹಾರಿಸಿದ ವಿಷಯ ಓದಿದೆವು. ಓದುತ್ತ ಓದುತ್ತ ಯೋಗಾನರಸಿಂಹ ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಖಂಡನೆಯ ನಿರ್ಣಯ ಆಯಿತು. ಎಲ್ಲರೂ ಕೈ ಎತ್ತಿದೆವು. ನಾನೂ ಎತ್ತಿದೆ. ಎಡಗೈಯಲ್ಲಿ ಗಾಜಿನ ಲೋಟ ಇತ್ತು.

ಈಗ ಮಗುವಿನ ಉತ್ತರವನ್ನು ಅವರು ನಿಧಾನವಾಗಿ ಓದಿದರು. ಕನ್ನಡಕ ಏರಿಸಿಕೊಂಡು ಮತ್ತೆ ಓದಿದರು. ಆಮೇಲೆ ಹಸಿರು ಪೆನ್ನು ತೆಗೆದರು. ಹೊಡೆದರು. ಸೊನ್ನೆ ಹಾಕಿದರು. ಒಟ್ಟನ್ನು ತಿದ್ದಿದರು.

‘ಸಣ್ಣಯ್ಯ, ಬನ್ನಿ ಇಲ್ಲಿ.’

ಎದ್ದು ಹೋದೆ. ಮೊಣಕಾಲು ಡೆಸ್ಕಿಗೆ ಬಡಿಯಿತು.

‘ಇದಕ್ಕೆ ನಾಲ್ಕು ಹ್ಯಾಗೆ ಕೊಟ್ರಿ?’

‘ನಾಲ್ಕು ಪಾಯಿಂಟ್ ಇದೆ ಸಾರ್. ಮಾದರಿ ಉತ್ತರದಲ್ಲಿ ಇರೋ ನಾಲ್ಕೂ ಇದೆ.’

‘ಪ್ರಶ್ನೆ ದಕ್ಷಿಣ ಆಫ್ರಿಕದ ಮೇಲೆ ಕೇಳಿರೋದು.’

‘ಕೊನೇ ಸಾಲಲ್ಲಿ ಆಫ್ರಿಕ ಅಂತಾನೂ ಬರೆದಿದೆ ಸಾರ್. ಪ್ರಶ್ನೆಯಲ್ಲಿ ದಕ್ಷಿಣ ಆಫ್ರಿಕ ಅನ್ನೋ ಪದ ಎಲ್ಲಿದೆ?’

ಪ್ರಶ್ನೆ ಪತ್ರಿಕೆ ತಿರುಗಿಸಿ ನೋಡಿದರು. ಇರಲಿಲ್ಲ. ಸ್ವಲ್ಪ ನಕ್ಕರು. ಜಗಲಿಯ ಮೇಲೆ ಶಿಷ್ಯನೊಬ್ಬ ಒಳ್ಳೆಯ ಮಾತು ಆಡಿದಾಗ ನಗುತ್ತಿದ್ದ ನಗು.

‘ಪಾಠ ಇರೋದು ಅದರ ಮೇಲೆ ಅಲ್ಲವೇ? ಮಗು ಪದಾನ ತಪ್ಪು ತಿಳ್ಕೊಂಡಿದೆ. ಅಲ್ಲಿ ವರ್ಣ ಅಂದ್ರೆ ಬಣ್ಣ. ಚರ್ಮದ ಬಣ್ಣ.’

‘ಇಲ್ಲಿ ಏನು ಸಾರ್?’

‘ಇದು ಚರಿತ್ರೆ ಪ್ರಶ್ನೆ ಸಣ್ಣಯ್ಯ. ಆಧುನಿಕ ಪ್ರಪಂಚದ ಚರಿತ್ರೆ.’

‘ಇದೂ ಆ ಪ್ರಪಂಚದಲ್ಲೇ ನಡೆದಿರೋದು ಸಾರ್.’

ಅಷ್ಟು ದೂರದ ದೇಶದ ಅನ್ಯಾಯಕ್ಕೆ ಕನ್ನಡದಲ್ಲಿ ಹೆಸರಿಡಬೇಕಾಗಿ ಬಂದಾಗ ಯಾರೋ ಪಂಡಿತರು ಪದ ಹುಡುಕಿರಬೇಕು. ಅವರ ಕೈಗೆ ಸಿಕ್ಕಿದ್ದು ಇದೇ. ಮನೆಯೊಳಗೇ ಇದ್ದ ಪದ. ಅದನ್ನು ಮಗು ಮನೆಯ ಅರ್ಥದಲ್ಲಿ ಓದಿದರೆ ತಪ್ಪು ಯಾರದು? ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವಷ್ಟು ಉಸಿರು ಇರಲಿಲ್ಲ. ಕೋಣೆಯಲ್ಲಿ ಪೆನ್ನುಗಳು ನಿಂತಿದ್ದವು. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು.

‘ಮತ್ತೆ ನಾಲ್ಕನೇ ಪಾಯಿಂಟು’ ಅಂದರು ಯೋಗಾನರಸಿಂಹ. ‘ನೀತಿ ಕೊನೆಗೊಂಡಿತು ಅಂತ ಬರೀಬೇಕು. ಬರೆದಿಲ್ಲ.’

‘ಕೊನೆಗೊಂಡಿಲ್ಲವಲ್ಲ ಸಾರ್. ಮಗು ಸುಳ್ಳು ಬರೀಬೇಕಿತ್ತಾ?’

ನಂಜುಂಡೇಶ್ ಕೂತಲ್ಲಿಂದಲೇ, ‘ಬುಡಿ ಸಾರ್ ಅತ್ಲಾಗೆ. ಆಫ್ರಿಕ ಅಂತ ಕೊನೇಲಿ ಒಂದು ಸಾಲು ಬರೆದಿದೆಯಂತಲ್ಲ, ಒಂದು ಕೊಟ್ಟು ಮುಗಿಸಿ’ ಅಂದರು.

‘ಒಂದು ಕೊಟ್ರೆ ಮೂವತ್ತಮೂರು’ ಅಂದೆ. ‘ಆಗಲೂ ಫೇಲೇ.’

ಯೋಗಾನರಸಿಂಹ ದನಿ ತಗ್ಗಿಸಿದರು. ‘ನೋಡಿ, ನಿಮಗೆ ಗೊತ್ತಾಗ್ತಿಲ್ಲ. ನಾನು ಈ ಮಗೂಗೆ ಉಪಕಾರ ಮಾಡ್ತಿದೀನಿ. ಅಭ್ಯರ್ಥಿ ತನ್ನ ಗುರುತು ಬಿಟ್ಟುಕೊಡಬಾರದು ಅಂತ ನಿಯಮ ಇದೆ. ಊರು, ಕೇರಿ, ಜಾತಿ, ಚಿಕ್ಕಪ್ಪ, ಎಲ್ಲಾ ಬರೆದಿಟ್ಟಿದೆ. ನಾನು ನಿಯಮದ ಪ್ರಕಾರ ಬರೆದು ಕಳಿಸಿದ್ರೆ ಪೂರ್ತಿ ಪೇಪರ್ ರದ್ದು. ಎರಡು ವರ್ಷ ಪರೀಕ್ಷೆಗೆ ಕೂರೋ ಹಾಗಿಲ್ಲ. ಅದು ಬೇಡ ಅಂತ ಬರೀ ಸೊನ್ನೆ ಹಾಕಿದೀನಿ.’

‘ಊರಿನ ಹೆಸರು ಎಲ್ಲಿದೆ ಸಾರ್?’

‘ಹೆಸರೇ ಇರಬೇಕು ಅಂತಿಲ್ಲ. ವಿವರ ಸಾಕು. ಓದಿದವರಿಗೆ ಯಾವೂರು ಅಂತ ಗೊತ್ತಾಗುತ್ತೆ.’

‘ಯಾವೂರು ಸಾರ್?’

ನಂಜುಂಡೇಶ್ ಎದ್ದು ಬಂದರು. ಕುತೂಹಲದ ಮನುಷ್ಯ. ಪತ್ರಿಕೆಯನ್ನು ಕೈಗೆತ್ತಿಕೊಂಡು ಓದಿದರು. ಓದುತ್ತ ಹೋದ ಹಾಗೆ ಅವರ ಮುಖದ ನಗು ಇಳಿಯಿತು.

‘ಅಲ್ಲಾ ಕಣ್ರೀ... ಇದು ನಮ್ಮೂರೇ.’

‘ನೋಡಿದ್ರಾ’ ಅಂದರು ಯೋಗಾನರಸಿಂಹ. ‘ಗುರುತು ಸಿಕ್ತು.’

‘ನಮ್ಮೂರೇ ಸಾರ್. ಕೇರಿ ಮೂಡಲಿಗೇ ಇರೋದು. ಬಸ್‌ಸ್ಟಾಪು, ಓಟ್ಲು, ಎಲ್ಲಾ ಅಂಗೇ. ಸೈಕಲ್ ಗಲಾಟೆ ಆಗಿತ್ತು. ನಮ್ಮಣ್ಣನೇ ಇದ್ದ ಅದ್ರಲ್ಲಿ. ಯಾವ ಹಲ್ಕಾ ನನ್ಮಗಂದು ಇದು? ಊರ ಮಾನಾನ ತಂದು ಪರೀಕ್ಷೆ ಪೇಪರಲ್ಲಿ ಅರಡವ್ನೆ.’

ನೀಲಾಂಬಿಕೆ ಮೇಡಂ ಬಂದು ಅವರ ಭುಜದ ಮೇಲಿನಿಂದ ಇಣುಕಿದರು. ಅವರ ಗಂಡನ ಊರು ಅರಕಲಗೂಡಿನ ಹತ್ತಿರ. ತುಟಿ ಅಲ್ಲಾಡಿಸುತ್ತ ಓದಿದರು.

‘ಇಲ್ಲ ಸಾರ್’ ಅಂದರು. ‘ಇದು ನಿಮ್ಮೂರಲ್ಲ. ನಮ್ಮ ಯಜಮಾನರ ಊರು. ಅಂಗಡೀಲಿ ಉಪ್ಪು ಕೊಡದೆ ಇದ್ದದ್ದು... ಆ ಅಂಗಡಿ ನಮ್ಮ ಮಾವನವರದೇ.’

‘ಅಲ್ಲ ಮೇಡಂ, ಸೈಕಲ್ಲು...’

‘ನಮ್ಮಲ್ಲೂ ಸೈಕಲ್ಲೇ ಸಾರ್.’

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಡಂ ಮುಖ ಕೆಂಪಾಯಿತು. ಬಾಗಿಲ ಬಳಿ ಖಾಲಿ ಕ್ಯಾನು ಹಿಡಿದು ನಿಂತಿದ್ದ ಹುಚ್ಚಯ್ಯ ಮೆಲ್ಲಗೆ, ‘ಸಾ’ ಅಂದ. ‘ಒಸಿ ಓದಿ ಏಳಿ ಸಾ, ನಮ್ಮೂರೂ ಇರಬೌದು.’

ಯಾರೂ ನಗಲಿಲ್ಲ. ಅವನು ನಗಿಸಲು ಹೇಳಿದ್ದೂ ಅಲ್ಲ.

‘ಸಾರ್’ ಅಂದೆ. ‘ಈ ಕಟ್ಟು ಬೀದರಿಂದ ಬಂತೋ ಕೋಲಾರದಿಂದ ಬಂತೋ ಯಾರಿಗೂ ಗೊತ್ತಿಲ್ಲ. ಇಬ್ಬರಿಗೆ ಗುರುತು ಸಿಕ್ತು. ಎರಡು ಊರು ಬಂತು. ನೀವೇ ಹೇಳಿ, ಇದರಲ್ಲಿ ಯಾವೂರಿನ ಗುರುತು ಬಿಟ್ಟುಕೊಟ್ಟಿದೆ ಅಂತ ಬರೀತೀರಿ?’

ಯೋಗಾನರಸಿಂಹ ಪತ್ರಿಕೆಯನ್ನು ನಂಜುಂಡೇಶ್ ಕೈಯಿಂದ ತೆಗೆದುಕೊಂಡರು. ಮೇಜಿನ ಮೇಲೆ ಇಟ್ಟರು. ಅದರ ಮೇಲೆ ಅಂಗೈ ಊರಿದರು. ಫ್ಯಾನಿನ ಗಾಳಿಗೆ ಹಾಳೆ ಹಾರದ ಹಾಗೆ. ಅವರಿಗೂ ಎಂಟು ದಿನ ಆಗಿತ್ತು. ಕಣ್ಣಿನ ಕೆಳಗೆ ಕಪ್ಪು ಬಿದ್ದಿತ್ತು. ಅವರು ಸೋತರೇನೋ ಅಂತ ಒಂದು ಗಳಿಗೆ ಅನ್ನಿಸಿತು.

‘ಸರಿ’ ಅಂದರು. ‘ಗುರುತಿನ ಮಾತು ಬಿಡೋಣ. ಆದ್ರೆ ಮಾದರಿ ಉತ್ತರ ಮೀರೋ ಅಧಿಕಾರ ನನಗಿಲ್ಲ. ನಾಳೆ ಯಾರಾದ್ರೂ ಮೇಲಿನವರು ತೆಗೆದು ನೋಡಿದ್ರೆ ಕೇಳೋದು ನನ್ನನ್ನ. ನನಗೆ ಇನ್ನೆರಡು ವರ್ಷ ಸರ್ವೀಸ್ ಇದೆ ಸಣ್ಣಯ್ಯ. ಸೊನ್ನೆ ಸೊನ್ನೆಯಾಗೇ ಇರಲಿ. ಸೆಪ್ಟೆಂಬರಲ್ಲಿ ಕಟ್ಟಿ ಪಾಸು ಮಾಡ್ಕೊಳುತ್ತೆ. ನಾಲ್ಕು ತಿಂಗಳು ತಾನೆ?’

ನಾಲ್ಕು ತಿಂಗಳು ಅಂದರೆ ಏನು ಅಂತ ನನಗೆ ಗೊತ್ತು.

ನನ್ನ ತಂಗಿ ಮಲ್ಲಿಗಮ್ಮ ಇದೇ ವಿಷಯದಲ್ಲಿ ಎರಡು ಅಂಕಕ್ಕೆ ಫೇಲಾದಳು. ಸೆಪ್ಟೆಂಬರಲ್ಲಿ ಕಟ್ಟಿದರಾಯಿತು ಅಂತ ನಾನೂ ಹೇಳಿದ್ದೆ. ಮೇ ತಿಂಗಳಲ್ಲಿ ಸುಮ್ಮನೆ ಯಾಕೆ ಕೂರಬೇಕು ಅಂತ ಅಪ್ಪನ ಜೊತೆ ತೋಟಕ್ಕೆ ಹೋದಳು. ಅಪ್ಪ ಸುಲಿದ ಮಟ್ಟೆಯನ್ನು ಹೊತ್ತು ನಾರಿನ ಗುಂಡಿಗೆ ಹಾಕುವುದು. ಜೂನಿನಲ್ಲಿ ಕೊಳೆತ ಮಟ್ಟೆಯನ್ನು ಎತ್ತಿ ಬಡಿಯುವುದು. ಜುಲೈಗೆ ಅವಳ ಉಗುರುಸಂದಿ ಕೊಳೆಯಿತು. ಆಗಸ್ಟಿನಲ್ಲಿ ಪುಸ್ತಕ ಕೊಟ್ಟೆ. ‘ಅಣ್ಣ, ಬೆರಳು ಮಡಚಕ್ಕೇ ಆಗ್ತಿಲ್ಲ ಕಣಣ್ಣ’ ಅಂದಳು. ಪರೀಕ್ಷೆಯ ಅರ್ಜಿ ತುಂಬಲೇ ಇಲ್ಲ. ಈಗ ಮೂರು ಮಕ್ಕಳ ತಾಯಿ. ಯಾರದೋ ಕೊಟ್ಟಿಗೆ ಬಳಿಯುತ್ತಾಳೆ. ಫೇಲಾದ ನಮ್ಮ ಮಕ್ಕಳು ಸೆಪ್ಟೆಂಬರಿನವರೆಗೆ ಕಾಯುವುದಿಲ್ಲ. ಅವರಿಗಾಗಿ ಕಾಯುತ್ತಿರುವ ಕೆಲಸ ಮೊದಲು ಬಂದು ಕೈ ಹಿಡಿಯುತ್ತದೆ.

ಇದನ್ನು ಹೇಳಿದೆ. ಇಷ್ಟು ಉದ್ದ ಅಲ್ಲ. ‘ಸೆಪ್ಟೆಂಬರ್ ಬರಲ್ಲ ಸಾರ್’ ಅಂದೆ.

‘ಭಾವನೆ ಬೇರೆ, ಕೆಲಸ ಬೇರೆ’ ಅಂದರು. ‘ತಿದ್ದಿದ ಅಂಕದ ಪಕ್ಕ ನಿಮ್ಮ ಇನಿಶಿಯಲ್ ಬೇಕು. ಹಾಕಿ, ಕಟ್ಟು ಕಟ್ಟೋಣ.’

ನಿಯಮ ಅದು. ಡೆಪ್ಯುಟಿ ಚೀಫ್ ಅಂಕ ಬದಲಿಸಿದರೆ, ಮೊದಲು ತಿದ್ದಿದವನು ಒಪ್ಪಿದ ಗುರುತಿಗೆ ಪಕ್ಕದಲ್ಲಿ ತನ್ನ ಅಕ್ಷರ ಹಾಕಬೇಕು. ಒಪ್ಪದಿದ್ದರೆ ಕಾರಣ ಬರೆದು ಇಡೀ ಕೇಂದ್ರಕ್ಕೆ ಮೇಲಿನವರಾದ ಚೀಫ್ ಮುಂದೆ ಇಡಬೇಕು. ಅಲ್ಲಿಯವರೆಗೆ ಆ ಪತ್ರಿಕೆ ಕಟ್ಟು ಸೇರುವುದಿಲ್ಲ. ಕಟ್ಟು ಸೇರದೆ ಕೋಣೆಗೆ ಬೀಗ ಬೀಳುವುದಿಲ್ಲ. ಬೀಗ ಬೀಳದೆ ಯಾರೂ ಮನೆಗೆ ಹೋಗುವ ಹಾಗಿಲ್ಲ.

ನಾನು ಪೆನ್ನು ತೆಗೆಯಲಿಲ್ಲ.

‘ಜೂನಿಗೆ ನಿಮ್ಮ ಪ್ರೊಬೇಷನ್ ಮುಗಿಯುತ್ತೆ ಅಲ್ಲವೇ?’ ಅಂದರು. ಹೆದರಿಸುವ ದನಿಯಲ್ಲ. ನಿಜವಾದ ಕಾಳಜಿ ಅದರಲ್ಲಿತ್ತು. ಅದೇ ಕಷ್ಟ. ‘ಸಹಕರಿಸಲಿಲ್ಲ ಅಂತ ಇಲ್ಲಿಂದ ಒಂದು ಸಾಲು ಹೋದ್ರೆ ಸಾಕು. ನಿಮ್ಮಂಥವರು ಒಬ್ಬರು ಈ ಕ್ಷೇತ್ರಕ್ಕೆ ಬರೋಕೆ ಎಷ್ಟು ವರ್ಷ ಆಯ್ತು ಯೋಚನೆ ಮಾಡಿ. ನಾಳೆ ಇಂಥಾ ನೂರು ಮಕ್ಕಳಿಗೆ ಪಾಠ ಹೇಳೋರು ನೀವು. ಒಂದು ಮಗೂಗೋಸ್ಕರ ನೂರು ಮಕ್ಕಳನ್ನ ಕಳ್ಕೋತೀರಾ?’

ಅಪ್ಪನಿಗೆ ಈಗ ಎದ್ದು ನಿಲ್ಲಲು ಆಗುವುದಿಲ್ಲ. ಅವ್ವನ ಕಣ್ಣಿನ ಪೊರೆ ತೆಗೆಸಬೇಕು. ಅವರಿಬ್ಬರೂ ನನ್ನ ಸಂಬಳದ ಮೇಲೆ ಇರುವವರು. ಯೋಗಾನರಸಿಂಹ ಹೇಳುತ್ತಿದ್ದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನನಗೆ ಕೂರಬೇಕು ಅನ್ನಿಸುತ್ತಿತ್ತು. ಕುರ್ಚಿ ಇದ್ದದ್ದು ಒಂದೇ.

ಐದೂಕಾಲು ಆಯಿತು. ಉಳಿದ ಕೋಣೆಗಳು ಖಾಲಿಯಾಗುವ ಸದ್ದು ಕೇಳಿಸಿತು. ನಮ್ಮ ಕೋಣೆಯವರು ಚೀಲ ಹೆಗಲಿಗೇರಿಸಿಕೊಂಡು ಕೂತಿದ್ದರು.

‘ಸಣ್ಣಯ್ಯ ಸಾರ್’ ಅಂದರು ನೀಲಾಂಬಿಕೆ ಮೇಡಂ. ನನ್ನ ಮುಖ ನೋಡಲಿಲ್ಲ. ‘ಮನೇಲಿ ಮಗೂಗೆ ಜ್ವರ.’

‘ಹಾಕಿ ಬುಡ್ರೀ ಸ್ವಾಮಿ’ ಅಂದರು ನಂಜುಂಡೇಶ್. ಬ್ಯಾಕ್‌ಲಾಗು ಅನ್ನಲಿಲ್ಲ. ‘ಇರೀಸಾವೆ ಬಸ್ಸು ತಪ್ಪಿದ್ರೆ ನಾನು ಎಂಟು ಗಂಟೆಗಂಟ ಸ್ಟ್ಯಾಂಡಲ್ಲಿ ಕುಂತ್ಕಬೇಕು. ಒಂದು ಮಗು ಓದಿ ಏನು ದೇಶ ಉದ್ದಾರ ಆಗ್ತದಾ? ನಾವೂ ನೀವೂ ಓದಿ ಏನಾಯ್ತು? ಬನ್ನಿ, ಓಗಾನ.’

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆಯಾಸ ಇತ್ತು. ನನಗಿದ್ದಷ್ಟೇ.

ಯೋಗಾನರಸಿಂಹ ತಮ್ಮ ಹಸಿರು ಪೆನ್ನನ್ನು ಮುಚ್ಚಿ ಜೇಬಿಗೆ ಇಟ್ಟುಕೊಂಡರು. ಪತ್ರಿಕೆಯನ್ನು ತಿರುಗಿಸಿ ನನ್ನ ಕಡೆ ಸರಿಸಿದರು. ಸೊನ್ನೆಯ ಪಕ್ಕ ಬೆರಳಿಟ್ಟು ಜಾಗ ತೋರಿಸಿದರು. ಇಷ್ಟು ವರ್ಷ ನನಗೆ ಪುಸ್ತಕದ ಸಾಲು ತೋರಿಸಿದ ಬೆರಳು.

‘ಒಂದೇ ಅಕ್ಷರ ಸಣ್ಣಯ್ಯ. ಒಂದು ‘ಸ’ ಬರೀರಿ ಸಾಕು.’

ಬಗ್ಗಿ ನೋಡಿದೆ. ಹಸಿರು ಗೆರೆಯ ಕೆಳಗೆ ನನ್ನ ಕೆಂಪು ನಾಲ್ಕು ಇನ್ನೂ ಕಾಣುತ್ತಿತ್ತು.

‘ಒಂದು ಬಿಳಿ ಹಾಳೆ ಕೊಡಿ ಸಾರ್’ ಅಂದೆ. ‘ಒಪ್ಪದಿರೋದಕ್ಕೆ ಕಾರಣ ಬರೆದು ಚೀಫ್‌ಗೆ ಕೊಡ್ತೀನಿ.’

‘ಹಾಳೆ ಕೊಡಲ್ಲ. ಇಲ್ಲಿ ಅಕ್ಷರ ಹಾಕಿ.’

‘ಹಾಕಲ್ಲ ಸಾರ್.’